ಬೀಜದ ಬುಟ್ಟಿ: ಮಳೆಗೆ ಮೊದಲು ಬಂದ ಪತ್ರಗಳು

ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಹತ್ತಿರ ಬಂತು. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಹನಿ ಬೀಳುವ ಮೊದಲೇ ಸೌತೆ, ಹೀರೆ, ಬೆಂಡೆ, ಅಲಸಂಡೆಯ ಬೀಜ ಕೈಯಲ್ಲಿರಬೇಕು. ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಬೀಜದ ಪ್ರಶ್ನೆಗಳೇ ಜಾಸ್ತಿ. ಅಡಿಕೆಯ ಕೊಳೆರೋಗ, ತೆಂಗಿನ ಕೆಂಪುಮೂತಿ ಹುಳದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಕಾದವರು ದಯವಿಟ್ಟು ಇನ್ನೂ ಸ್ವಲ್ಪ ತಾಳಿಕೊಳ್ಳಿ. ಬೀಜ ಕಾಯುವುದಿಲ್ಲ.

ಪ್ರಶ್ನೆ: ಅಕ್ಕಾ, ತವರಿನಿಂದ ಸಾಂಬಾರು ಸೌತೆಯ ಬೀಜ ತಂದಿದ್ದೆ. ಮೊದಲ ವರ್ಷ ಅಮ್ಮನ ಮನೆಯ ಕಾಯಿಯ ಹಾಗೆಯೇ ಬಂತು. ದೀಪಾವಳಿ ಕಳೆದರೂ ಕೆಡಲಿಲ್ಲ. ಅದರ ಬೀಜವನ್ನೇ ತೆಗೆದಿಟ್ಟು ಮರುವರ್ಷ ಹಾಕಿದೆ. ಕೆಲವು ಬಳ್ಳಿಯ ಕಾಯಿಗಳು ಹಣ್ಣಾಗುತ್ತಲೇ ಮೆತ್ತಗಾಗಿ ಒಡೆದುಹೋದವು. ಬೇಲಿಯ ಆಚೆ ಮನೆಯವರು ಚಿಬ್ಬಡ ಹಾಕಿದ್ದರು. ಅದರ ಗಾಳಿ ತಾಗಿರಬಹುದೇ?
— ಓದುಗರು, ಕಟಪಾಡಿ

ಉತ್ತರ: ಗಾಳಿಯಲ್ಲ ತಂಗಿ, ಜೇನ್ನೊಣ. ಉಳಿದದ್ದನ್ನು ನೀವು ಸರಿಯಾಗಿಯೇ ಊಹಿಸಿದ್ದೀರಿ. ನಮ್ಮ ಸಾಂಬಾರು ಸೌತೆ ಮತ್ತು ಚಿಬ್ಬಡ ಎರಡೂ ಖರ್ಬೂಜದ ಕುಲದವು. ಒಂದರ ಪರಾಗ ಇನ್ನೊಂದಕ್ಕೆ ಧಾರಾಳವಾಗಿ ಹತ್ತುತ್ತದೆ. ಮುಳ್ಳುಸೌತೆಯ ಕುಲವೇ ಬೇರೆ. ಅದು ಪಕ್ಕದಲ್ಲೇ ಇದ್ದರೂ ಹೆದರಬೇಕಾಗಿಲ್ಲ.

ಬೆರಕೆಯಾದ ವರ್ಷ ಅದು ಕಾಯಿಯಲ್ಲಿ ಕಾಣಿಸುವುದಿಲ್ಲ. ಕಾಯಿ ತಾಯಿಬಳ್ಳಿಯ ಗುಣದ್ದೇ ಆಗಿರುತ್ತದೆ. ಒಳಗಿನ ಬೀಜ ಮಾತ್ರ ಬೇರೆಯಾಗಿರುತ್ತದೆ. ಅದನ್ನು ಬಿತ್ತಿದ ಮರುವರ್ಷವೇ ಗೊತ್ತಾಗುವುದು. ಹಾಗಾಗಿ "ಚಂದದ ಕಾಯಿ ನೋಡಿಯೇ ಬೀಜ ತೆಗೆದೆ" ಎನ್ನುವವರಿಗೂ ಹೀಗಾಗುತ್ತದೆ.

ಮೊದಲು ಎಲ್ಲರ ಮನೆಯಲ್ಲೂ ಸೌತೆ ಇತ್ತು, ಆಗ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ಆಗ ಒಂದು ಬೈಲಿನ ಅಷ್ಟೂ ಮನೆಗಳಲ್ಲಿ ಇದ್ದದ್ದು ಒಂದೇ ಸೌತೆ. ನಮ್ಮದು ಅವರಿಗೆ ಹೋಗಿ, ಅವರದ್ದು ನಮಗೆ ಬಂದು, ಎಲ್ಲವೂ ಒಂದೇ ಆಗಿತ್ತು. ಈಗ ಒಂದು ಮನೆಯಲ್ಲಿ ಪೇಟೆಯ ಪ್ಯಾಕೆಟ್, ಇನ್ನೊಂದರಲ್ಲಿ ಊರಿನದ್ದು, ಮತ್ತೊಂದರಲ್ಲಿ ಯಾರೋ ಕೊಟ್ಟದ್ದು. ಜೇನ್ನೊಣ ಬೇಲಿ ನೋಡಿ ಹಾರುತ್ತದೆಯೇ?

ಆದ್ದರಿಂದ ಬೀಜಕ್ಕೆ ಬೇಕಾದ ಎರಡು ಮೂರು ಕಾಯಿಗಳನ್ನು ನೀವೇ ಕಟ್ಟಿಸಬೇಕು. ಸಂಜೆ ಬಳ್ಳಿಯ ಹತ್ತಿರ ಹೋಗಿ. ಬುಡದಲ್ಲಿ ಪುಟ್ಟ ಮಿಡಿ ಇರುವುದು ಹೆಣ್ಣು ಹೂವು, ಬರೀ ತೊಟ್ಟಿರುವುದು ಗಂಡು. ಮರುದಿನ ಅರಳುವ ಮೊಗ್ಗಿನ ತುದಿಯಲ್ಲಿ ಹಳದಿ ಕಾಣುತ್ತದೆ. ಅಂಥ ಒಂದು ಹೆಣ್ಣು, ಎರಡು ಗಂಡು ಮೊಗ್ಗುಗಳ ತುದಿಯನ್ನು ನೂಲಿನಿಂದ ಮೆಲ್ಲಗೆ ಕಟ್ಟಿಬಿಡಿ. ಬೆಳಿಗ್ಗೆ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಕಟ್ಟು ಬಿಚ್ಚಿದ ಹೆಣ್ಣು ಹೂವಿನ ನಡುವೆ ಸವರಿ. ಕೂಡಲೇ ಎಸಳನ್ನು ಪುನಃ ಕಟ್ಟಿ. ತೊಟ್ಟಿಗೆ ಬಣ್ಣದ ನೂಲು ಸುತ್ತಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನೇ ಕೊಯ್ದು ಹುಳಿಗೆ ಹಾಕುತ್ತಾರೆ. ಹೀರೆ ಮತ್ತು ಸೋರೆಯ ಹೂವು ಸಂಜೆ ಅರಳುತ್ತದೆ. ಅವಕ್ಕೆ ಈ ಕೆಲಸವನ್ನು ಸಂಜೆಯೇ ಮಾಡಬೇಕು.

ಕಾಯಿ ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಲಿ. ಕೊಯ್ದ ಮೇಲೂ ಕೆಲವು ವಾರ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿ. ಆಮೇಲೆ ತಿರುಳು ಸಮೇತ ಬೀಜವನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿ. ನನ್ನ ಅತ್ತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಡಿಯುತ್ತಿದ್ದರು. ಒಲೆಯ ಹೊಗೆ ತಾಗುವ ಜಾಗ ಅದು. ಈಗ ಯಾರ ಮನೆಯಲ್ಲೂ ಅಂಥ ಗೋಡೆ ಇಲ್ಲ. ಬೂದಿ ಮತ್ತು ಬಿಗಿ ಮುಚ್ಚಳದ ಬಾಟಲಿ ಸಾಕು.

ಈ ವರ್ಷದ ಬೆರಕೆ ಬೀಜವನ್ನು ಬಿತ್ತಬೇಡಿ. ತವರಿಗೆ ಹೋಗಿ ಹೊಸದಾಗಿ ಕೇಳಿ ತನ್ನಿ. ತವರಿನಲ್ಲಿ ಇನ್ನೂ ಉಂಟಲ್ಲ, ಅದೇ ನಿಮ್ಮ ಭಾಗ್ಯ.

ಪ್ರಶ್ನೆ: ನಮ್ಮ ಮಾವನ ಕಾಲದಿಂದ ಸ್ವಲ್ಪ ಕಯಮೆ ಭತ್ತ ಮಾಡಿಕೊಂಡು ಬಂದಿದ್ದೇವೆ. ಈಗ ಭಾವನವರು ಎಲ್ಲಾ ಗದ್ದೆಗೂ ಎಂಒ4 ಹಾಕುವ ಎನ್ನುತ್ತಾರೆ. ಕಯಮೆ ಎತ್ತರ ಬೆಳೆದು ಮಲಗುತ್ತದೆ, ಇಳುವರಿ ಕಡಿಮೆ ಎಂಬುದು ಅವರ ವಾದ. ನನಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗರು, ಬ್ರಹ್ಮಾವರ ಸಮೀಪ

ಉತ್ತರ: ಭಾವನವರ ಮಾತಿನಲ್ಲಿ ತಪ್ಪಿಲ್ಲ. ಎಂಒ4 ಕೇರಳದ ಮಂಕೊಂಬು ಸಂಶೋಧನಾ ಕೇಂದ್ರದ ತಳಿ. ಭದ್ರ ಎಂಬುದು ಅದರ ಇನ್ನೊಂದು ಹೆಸರು. ನಮ್ಮ ಜನರಿಗೆ ಕೆಂಪು ಕುಚ್ಚಲಕ್ಕಿಯೇ ಬೇಕು. ಅದು ಕೆಂಪಕ್ಕಿ ಕೊಟ್ಟಿತು, ಇಳುವರಿಯನ್ನೂ ಕೊಟ್ಟಿತು. ಹಾಗಾಗಿ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಲ್ಲೂ ಹಬ್ಬಿತು. ನಿಮ್ಮ ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದಲೇ ಸಹ್ಯಾದ್ರಿ ಕೆಂಪುಮುಕ್ತಿ ಎಂಬ ಕೆಂಪಕ್ಕಿ ತಳಿಯೂ ಬಂದಿದೆ. ಮನೆಯ ಊಟಕ್ಕೆ, ಮಾರಾಟಕ್ಕೆ ಇಂಥವನ್ನು ಮಾಡುವುದು ಬೇಡ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಕಯಮೆಯನ್ನು ಬಿಡಬೇಡಿ. ನನ್ನ ಒತ್ತಾಯ ಅಷ್ಟೇ. ಹಿಂದಿನವರು ಗದ್ದೆ ನೋಡಿ ಬೀಜ ಇಟ್ಟವರು. ಮೇಲಿನ ಬೆಟ್ಟುಗದ್ದೆಗೆ ಒಂದು, ನಡುವಿನ ಮಜಲಿಗೆ ಒಂದು, ನೀರು ನಿಲ್ಲುವ ಬೈಲಿಗೆ ಇನ್ನೊಂದು. ಮಳೆಗಾಲದ ಕಾರ್ತಿ ಬೆಳೆಗೆ ಬೇರೆ, ಅದರ ನಂತರದ ಸುಗ್ಗಿಗೆ ಬೇರೆ, ಬೇಸಿಗೆಯ ಕೊಳಕೆಗೆ ಬೇರೆ. ನೆರೆ ಬಂದು ಕೆಲವು ದಿನ ಮುಳುಗಿದರೂ ಎದ್ದು ನಿಲ್ಲುವ ಭತ್ತ ಯಾವುದು, ಮಳೆ ಬೇಗ ನಿಂತರೆ ಕೈಗೆ ಬರುವುದು ಯಾವುದು, ಅವರಿಗೆ ಗೊತ್ತಿತ್ತು. ಒಂದೇ ತಳಿ ಊರಿಡೀ ಇದ್ದರೆ ಅದಕ್ಕೆ ಒಂದು ರೋಗ ಬಂದ ವರ್ಷ ಊರಿಗೇ ಬಂದ ಹಾಗೆ. ಈಗ ಮಳೆ ಯಾವಾಗ ಹೇಗೆ ಬರುತ್ತದೆ ಎಂದು ಯಾರಿಗೂ ಹೇಳಲಾಗದ ಕಾಲ. ಕೈಯಲ್ಲಿರುವ ಒಂದು ದಾರಿಯನ್ನು ನಾವೇ ಯಾಕೆ ಮುಚ್ಚಿಕೊಳ್ಳಬೇಕು?

ಭಾವನವರಿಗೆ ಲೆಕ್ಕ ಹೇಳಿ. ನಾಟಿಗೆ ಎಕರೆಗೆ 25 ಕಿಲೋ ಬೀಜ ಸಾಕು. ಅಷ್ಟು ಬೀಜ ಎರಡು ಮೂರು ಸೆಂಟ್ಸಿನಲ್ಲಿ (ನೂರು ಸೆಂಟ್ಸಿಗೆ ಒಂದು ಎಕರೆ) ಸಿಗುತ್ತದೆ. ಮನೆಯ ಹತ್ತಿರದ ಒಂದು ಸಣ್ಣ ಗದ್ದೆ ಬಿಟ್ಟುಕೊಡಲು ಅವರು ಒಲ್ಲೆ ಎನ್ನಲಾರರು. ಆ ತುಂಡಿಗೆ ಗೊಬ್ಬರ ಕಡಿಮೆ ಹಾಕಿ. ಗೊಬ್ಬರ ಜಾಸ್ತಿಯಾದರೆ ಎತ್ತರದ ತಳಿ ಬೇಗ ಮಲಗುತ್ತದೆ.

ಬೀಜ ಕೆಡುವುದು ಹೆಚ್ಚಾಗಿ ಎಲ್ಲಿ ಗೊತ್ತುಂಟೇ? ಕಟಾವು ಯಂತ್ರದಲ್ಲಿ. ಹಿಂದಿನ ಗದ್ದೆಯ ಕಾಳು ಅದರ ಹೊಟ್ಟೆಯಲ್ಲಿ ಉಳಿದು ನಿಮ್ಮ ಭತ್ತಕ್ಕೆ ಸೇರುತ್ತದೆ. ಬೀಜದ ಗದ್ದೆಗೆ ಯಂತ್ರ ಇಳಿಸಲೇಬಾರದು. ತೆನೆ ಹೊರಟಾಗ ಒಮ್ಮೆ, ಬಲಿತಾಗ ಇನ್ನೊಮ್ಮೆ ಗದ್ದೆಗೆ ಇಳಿದು, ಎತ್ತರದಲ್ಲಿ, ಬಣ್ಣದಲ್ಲಿ, ಕಾಳಿನ ಮೀಸೆಯಲ್ಲಿ ಬೇರೆ ಕಂಡ ಗಿಡಗಳನ್ನು ಕಿತ್ತುಹಾಕಿ. ಅಂಚು ಬಿಟ್ಟು ನಡುವಿನದ್ದನ್ನೇ ಕತ್ತಿಯಲ್ಲಿ ಕೊಯ್ಯಿರಿ. ಭತ್ತ ಬಡಿಯುವ ಪಡಿಮಂಚಕ್ಕೆ ಬಡಿಯಿರಿ. ಮೊದಲ ಪೆಟ್ಟಿಗೆ ಉದುರುವ ಕಾಳು ಒಳ್ಳೆ ಬಲಿತದ್ದು. ಬೀಜಕ್ಕೆ ಅದನ್ನೇ ಎತ್ತಿಡಿ.

ಮೊದಲಾದರೆ ಬೀಜದ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಹುಲ್ಲಿನ ಹಗ್ಗ ಎಳೆದು ಬಿಗಿದು ಕಟ್ಟಿದ ಮುಡಿಗೆ ನಮ್ಮ ಮಳೆಗಾಲದ ಥಂಡಿ ಸುಲಭಕ್ಕೆ ಇಳಿಯುವುದಿಲ್ಲ. ಕಟ್ಟುವವರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಒಂದಾದರೂ ಕಟ್ಟಿಸಿ, ಮಕ್ಕಳನ್ನು ಎದುರು ಕೂರಿಸಿ ತೋರಿಸಿ. ಇಲ್ಲದಿದ್ದರೆ ಚೆನ್ನಾಗಿ ಒಣಗಿಸಿ, ಹಲ್ಲಿಗೆ ಇಟ್ಟು ಕಚ್ಚಿದರೆ ಟಕ್ ಎನ್ನುವ ಹದ ಬಂದ ಮೇಲೆ, ಗಾಳಿಯಾಡದ ಡ್ರಮ್ಮಿನಲ್ಲಿಡಿ. ನಮ್ಮ ಹವೆಯಲ್ಲಿ ಭತ್ತದ ಬೀಜವನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಆಗುವುದಿಲ್ಲ. ಪ್ರತಿ ವರ್ಷ ಬಿತ್ತಲೇಬೇಕು. ಬಿತ್ತುವ ಮೊದಲು ಉಪ್ಪುನೀರಿನಲ್ಲಿ ಹಾಕಿ. ಹಸಿ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಇರಲಿ. ತೇಲಿದ ಜೊಳ್ಳು ತೆಗೆದು, ಉಳಿದದ್ದನ್ನು ಒಳ್ಳೆ ನೀರಿನಲ್ಲಿ ತೊಳೆದು ಮೊಳಕೆಗೆ ಕಟ್ಟಿ.

ಜಾಗ ಇಲ್ಲ ಎನ್ನುವವರಿಗೆ ಒಂದು ಮಾತು. ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಅವರಿಗೆ ದೊಡ್ಡ ಬೈಲು ಇಲ್ಲ. ಕಾಗದದ ಲೋಟದಲ್ಲಿ ಮೊಳಕೆ ಬರಿಸಿ, ಗ್ರೋಬ್ಯಾಗಿನಲ್ಲಿ ಬೆಳೆಸುತ್ತಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗದ್ದೆಯಿರುವ ನಮಗೆ ಎರಡು ಸೆಂಟ್ಸು ಕಷ್ಟವೇ?

ಪ್ರಶ್ನೆ: ಅಲಸಂಡೆ ಬೀಜ ಡಬ್ಬಿಯಲ್ಲಿ ಇಟ್ಟದ್ದು ಪೂರ್ತಿ ತೂತು. ಡಬ್ಬಿ ಬಿಗಿಯಾಗಿತ್ತು. ಹುಳ ಎಲ್ಲಿಂದ ಬಂತು?
— ಓದುಗರು, ಸುರತ್ಕಲ್

ಉತ್ತರ: ಗಿಡದಿಂದಲೇ ಬಂತು. ಕೋಡು ಒಣಗುವಾಗಲೇ ಅದರ ಮೇಲೆ ಮೊಟ್ಟೆ ಇಟ್ಟಾಗಿರುತ್ತದೆ. ಬೀಜವನ್ನು ಒಳ್ಳೆ ಒಣಗಿಸಿ, ಬಿಗಿ ಬಾಟಲಿಯಲ್ಲಿ ತುಂಬಿ, ಒಂದು ವಾರ ಫ್ರೀಜರಿನಲ್ಲಿಡಿ. ಮೊಟ್ಟೆ, ಮರಿ ಎಲ್ಲವೂ ಸಾಯುತ್ತವೆ. ಬೀಜದಲ್ಲಿ ಹಸಿ ಇದ್ದರೆ ಮಾತ್ರ ಬೀಜವೂ ಸಾಯುತ್ತದೆ, ಎಚ್ಚರ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಬಾಟಲಿಯ ತಣುಪು ಪೂರ್ತಿ ಬಿಡಲಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕೂರುತ್ತದೆ. ಫ್ರಿಜ್ಜು ಇಲ್ಲದವರು ಜರಡಿ ಹಿಡಿದ ಒಣಬೂದಿಯಲ್ಲಿ ಬೀಜ ಮುಳುಗುವ ಹಾಗೆ ಇಡಿ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ತಾರಸಿಯಲ್ಲಿ ಮಟ್ಟುಗುಳ್ಳ, ಅಂದರೆ ನಮ್ಮ ಉಡುಪಿ ಹತ್ತಿರದ ಮಟ್ಟು ಊರಿನ ಬದನೆ, ಬೆಳೆಯಬಹುದೇ? ಊರಿಗೆ ಬಂದಾಗ ಒಂದು ಕಾಯಿ ಕೊಂಡುಹೋಗಿ ಬೀಜ ತೆಗೆದೆ, ಒಂದೂ ಹುಟ್ಟಲಿಲ್ಲ.
— ಓದುಗರು, ಮೂಲ ಊರು ಉದ್ಯಾವರ

ಉತ್ತರ: ಮಾರ್ಕೆಟಿನ ಗುಳ್ಳ ಎಳೆಯದ್ದು. ಸಾಂಬಾರಿಗೆ ಬೇಕಾದ್ದೂ ಎಳೆಯದ್ದೇ. ಬೀಜದ ಕಾಯಿ ಗಿಡದಲ್ಲೇ ಹಳದಿಯಾಗಿ, ಗಟ್ಟಿಯಾಗಿ, ತಿನ್ನಲು ಆಗದ ಹಾಗಾಗಬೇಕು. ಹಾಗಾಗಿ ಬೀಜ ಬೇಕಾದರೆ ಬೆಳೆಯುವವರನ್ನೇ ಕೇಳಬೇಕು. ಅವರು ಸಾಲಿನಲ್ಲಿ ಒಳ್ಳೆಯ ಗಿಡ ನೋಡಿ, ಅದರ ಮೊದಲ ಒಳ್ಳೆ ಕಾಯಿಗಳನ್ನೇ ಬೀಜಕ್ಕೆ ಬಿಟ್ಟಿರುತ್ತಾರೆ. ಕೊನೆಗೆ ಉಳಿದ ಕಾಯಿಯನ್ನು ಬೀಜಕ್ಕೆ ಇಡುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಅದು ಬೇಡ. ಒಳ್ಳೆಯದನ್ನು ತಿಂದು ಕಳಪೆಯನ್ನು ಬಿತ್ತಿದರೆ ತಳಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ತಾರಸಿಯಲ್ಲಿ ಖಂಡಿತ ಬೆಳೆಯಿರಿ. ಮುಳ್ಳಿನ ತೊಟ್ಟು, ತಿಳಿ ಹಸಿರಿನ ಗೆರೆ ಬರಬಹುದು. ರುಚಿ ಮಾತ್ರ ಮಟ್ಟುವಿನ ಮರಳುಮಣ್ಣು, ಹೊಳೆ ಮತ್ತು ಕಡಲಿನ ನಡುವಿನ ಆ ಜಾಗದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಆ ಊರಿನ ಬೆಳೆ ಎಂಬ ಕಾನೂನಿನ ಗುರುತು (ಜಿಐ), ಸಿಕ್ಕಿದ್ದೂ ಅದಕ್ಕೇ. ನೀವು ಬೆಳೆದದ್ದನ್ನು ಮನೆಯಲ್ಲಿ ತಿನ್ನಿ, ಗೆಳತಿಯರಿಗೆ ಕೊಡಿ. ಮಟ್ಟುಗುಳ್ಳ ಎಂದು ಹೆಸರು ಹಾಕಿ ಮಾರಬೇಡಿ. ಪಕ್ಕದ ಕುಂಡದಲ್ಲಿ ಬೇರೆ ಬದನೆ ಇದ್ದರೆ, ಬೀಜದ ಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿ.

ವಾದಿರಾಜ ಸ್ವಾಮಿಗಳು ಮಟ್ಟುವಿನವರಿಗೆ ಈ ಬೀಜ ಕೊಟ್ಟರು ಎಂಬ ಕಥೆ ನಿಮಗೆ ಗೊತ್ತೇ ಇರುತ್ತದೆ. ಈಗಲೂ ಹೊಸ ಬೆಳೆ ಕೃಷ್ಣಮಠಕ್ಕೆ ಹೋಗುತ್ತದೆ. ಪರ್ಯಾಯದ ಊಟಕ್ಕೆ ಗುಳ್ಳ ಇಲ್ಲದಿದ್ದರೆ ಆಗುವುದಿಲ್ಲ. ನಾನು ಆ ಕಥೆಯನ್ನು ಭಕ್ತಿಯಿಂದ ಕೇಳಿದವಳು. ಜೊತೆಗೆ ಇನ್ನೊಂದನ್ನೂ ಯೋಚಿಸುತ್ತೇನೆ. ಪ್ರಸಾದ ಎಂದು ನಂಬಿದ್ದರಿಂದಲೇ ಮಟ್ಟುವಿನ ಜನ ಬೇರೆ ಬದನೆಯ ಆಸೆಗೆ ಅದನ್ನು ಬಿಡಲಿಲ್ಲ. ಕುಲಾಂತರಿ ತಳಿಯಾದ ಬಿಟಿ ಬದನೆಯ ಗಲಾಟೆ ಎದ್ದಾಗ ಉಡುಪಿಯವರು ಅಷ್ಟು ಜೋರಾಗಿ ಮಾತಾಡಿದ್ದಕ್ಕೂ ಇದೇ ಕಾರಣ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿತು.

ಪ್ರಶ್ನೆ: ಬೀಜ ಹಂಚಿದರೆ, ಮಾರಿದರೆ ಕೇಸು ಹಾಕುತ್ತಾರೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
— ಓದುಗರು, ಮೂಡುಬಿದಿರೆ

ಉತ್ತರ: ನಮ್ಮ ದೇಶದಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಅದರ 39ನೇ ಕಲಮು ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಬಹುದು ಎನ್ನುತ್ತದೆ. ಕಾಯ್ದೆಯಡಿ ನೋಂದಣಿಯಾದ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರು, ಲೇಬಲ್ ಹಾಕಿದ ಪ್ಯಾಕೆಟ್ ಮಾಡಿ ಮಾತ್ರ ಮಾರುವಂತಿಲ್ಲ. ನಿಮ್ಮ ಅಜ್ಜಿಯ ಹರಿವೆ ಬೀಜವನ್ನು ನೆರೆಮನೆಗೆ ಕೊಡಲು ಯಾರ ಅಪ್ಪಣೆಯೂ ಬೇಡ. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಚಿಪ್ಸ್ ಕಂಪನಿಯೊಂದು ಕೇಸು ಹಾಕಿತ್ತು. ದೇಶವಿಡೀ ವಿರೋಧ ಬಂದು ಅದೇ ವರ್ಷ ಹಿಂದೆ ತೆಗೆದುಕೊಂಡಿತು. ವಾಟ್ಸಾಪಿನ ಭಯಕ್ಕೆ ಅದೇ ಮೂಲ ಇರಬೇಕು.

ಪ್ರಶ್ನೆ: ನಾವು ಕಿನ್ನಿಗೋಳಿ ಕಡೆಯ ಕ್ರೈಸ್ತರು. ಮಾಮ್ಮಿಯ ಕಾಲದ ಹಾಲುಬೆಂಡೆ, ಕೆಂಪು ಹರಿವೆ ನಮ್ಮಲ್ಲಿದೆ. ಮೊಂತಿ ಹಬ್ಬದ ಊಟಕ್ಕೆ ಅದೇ ಬೇಕು. ಕೇಳಿದವರಿಗೆಲ್ಲ ಬೀಜ ಕೊಡುತ್ತಿದ್ದೆ. ಕೊಂಡುಹೋದ ಒಬ್ಬರು ಅದನ್ನೇ ಸಣ್ಣ ಪೊಟ್ಟಣ ಮಾಡಿ ಮಾರುತ್ತಿದ್ದಾರೆ. ಮನಸ್ಸಿಗೆ ಬೇಸರವಾಗಿದೆ. ಇನ್ನು ಕೊಡುವುದೇ ಬೇಡ ಅನಿಸುತ್ತದೆ.
— ಓದುಗರು, ಹೆಸರು ಬೇಡ ಎಂದಿದ್ದಾರೆ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಪ್ರೀತಿಯಿಂದ ಕೊಟ್ಟದ್ದಕ್ಕೆ ಯಾರೋ ಬೆಲೆ ಚೀಟಿ ಹಚ್ಚಿದರೆ ನೋವಾಗದೇ ಇರುತ್ತದೆಯೇ? ಆದರೂ ಕೊಡುವುದನ್ನು ನಿಲ್ಲಿಸಬೇಡಿ ಎಂದು ನಿಮ್ಮ ಕೈ ಹಿಡಿದು ಕೇಳುತ್ತೇನೆ.

ನಮ್ಮ ಮನೆಯಲ್ಲಿ ಒಂದು ಮಳೆಗಾಲ ಹೊಳೆ ಉಕ್ಕಿ ಅಂಗಳ ದಾಟಿ ಒಳಗೆ ಬಂತು. ಅಟ್ಟಕ್ಕೆ ಏರಿಸದೆ ಉಳಿದ ಬೀಜವೆಲ್ಲ ನೆನೆದು ಹೋಯಿತು. ಪಡುವಲ, ಹೀರೆ, ಅತ್ತೆಯ ಉದ್ದ ಕೋಡಿನ ಅಲಸಂಡೆ, ಒಂದೂ ಉಳಿಯಲಿಲ್ಲ. ಅತ್ತೆ ಅಳಲಿಲ್ಲ. ಬಾಳೆಲೆ ಪೊಟ್ಟಣದಲ್ಲಿ ಯಾರ್ಯಾರಿಗೆ ಯಾವ ಬೀಜ ಕೊಟ್ಟಿದ್ದರೋ ಅವರ ಮನೆಗಳ ಹೆಸರನ್ನು ಒಂದೊಂದಾಗಿ ಹೇಳಿದರು. ನಾನು ಹೋಗಿ ಕೇಳಿ ತಂದೆ. ಅಲಸಂಡೆ ಸಿಕ್ಕಿದ್ದು ನಾದಿನಿಯ ಗಂಡನ ಮನೆಯಲ್ಲಿ, ಪಡುವಲ ಗದ್ದೆಯ ಆಚೆಯ ಮನೆಯಲ್ಲಿ. ಹೀರೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಆ ಹೀರೆ ಇವತ್ತಿಗೂ ಇಲ್ಲ. ಎಲ್ಲಿ ಬೀಜಮೇಳವಾದರೂ ಹೀರೆಯ ಪೊಟ್ಟಣಗಳನ್ನು ತಿರುಗಿಸಿ ನೋಡುತ್ತೇನೆ.

ಅಂದಿನಿಂದ ನನ್ನ ಪದ್ಧತಿ ಇದು. ಯಾವ ಬೀಜವಾದರೂ ಕಡಿಮೆಯೆಂದರೆ ಮೂರು ಮನೆಗಳಲ್ಲಿ ಇರಬೇಕು. ಮೂರೂ ಒಂದೇ ಬೈಲಿನಲ್ಲಿ ಇರಬಾರದು. ಒಂದು ಹೊಳೆಯ ಬದಿ, ಒಂದು ಗುಡ್ಡೆಯ ಮೇಲೆ, ಒಂದು ದೂರದ ನೆಂಟರಲ್ಲಿ. ಕೊಡುವಾಗ ಒಂದು ಮಾತು ತೆಗೆದುಕೊಳ್ಳುತ್ತೇನೆ. ಬೆಳೆದ ಮೇಲೆ ಒಂದು ಹಿಡಿ ನನಗೆ ವಾಪಸು ತರಬೇಕು, ಒಂದು ಹಿಡಿ ಇನ್ನೊಂದು ಮನೆಗೆ ಕೊಡಬೇಕು. ತಂದುಕೊಡದವರಿಗೆ ಮುಂದಿನ ವರ್ಷ ಕೊಡುವುದಿಲ್ಲ. ದೀಪ ಹಚ್ಚಿದ ಮೇಲೆ ಬೀಜ ಕೊಡಬಾರದೆಂಬ ಅತ್ತೆಯ ಕಟ್ಟುನಿಟ್ಟನ್ನೂ ಪಾಲಿಸುತ್ತೇನೆ. ಬೆಳಕಿನಲ್ಲಾದರೆ ಬೀಜವನ್ನು ಕಣ್ಣಾರೆ ನೋಡಿ, ಜೊಳ್ಳು ತೆಗೆದು ಕೊಡಲು ಆಗುತ್ತದಲ್ಲ.

ಪೊಟ್ಟಣದ ಮೇಲೆ ಬರೆಯದೆ ಕೊಡಬೇಡಿ. ತರಕಾರಿಯ ಹೆಸರು, ನಿಮ್ಮ ಊರು, ಯಾರ ಕಾಲದಿಂದ ಬಂದದ್ದು, ಬೀಜ ತೆಗೆದ ವರ್ಷ. "ಮಾಮ್ಮಿಯ ಹಾಲುಬೆಂಡೆ, ಕಿನ್ನಿಗೋಳಿ" ಎಂದು ನಿಮ್ಮ ಕೈಬರಹದಲ್ಲಿ ಇರಲಿ. ಹೆಸರು ಬೀಜದ ಜೊತೆ ಹೋದರೆ, ನಾಳೆ ಎಲ್ಲೋ ಒಂದು ಕಡೆ ಆ ಬೆಂಡೆ ಕಂಡವರಿಗೆ ಅದು ಯಾರ ಮನೆಯದ್ದು ಎಂದು ತಿಳಿಯುತ್ತದೆ.

ಮಾರುತ್ತಿರುವವರ ಹತ್ತಿರ ಒಮ್ಮೆ ಹೋಗಿ ಮಾತಾಡಿ. ಜಗಳಕ್ಕೆ ಬೇಡ. ಪೊಟ್ಟಣದ ಮೇಲೆ ಮಾಮ್ಮಿಯ ಹೆಸರು ಹಾಕಿ ಎಂದು ಕೇಳಿ. ಯಾವ ಬೆಂಡೆಯ ಪಕ್ಕ ಬೆಳೆದು ಬೀಜ ತೆಗೆಯುತ್ತಿದ್ದಾರೆ ಎಂದೂ ಕೇಳಿ. ಬೆಂಡೆ ಹೆಚ್ಚಾಗಿ ತನ್ನ ಹೂವಿನಲ್ಲೇ ಕಟ್ಟುತ್ತದೆ, ಆದರೂ ಜೇನ್ನೊಣ ಸ್ವಲ್ಪ ಬೆರಕೆ ಮಾಡಿಬಿಡುತ್ತದೆ. ಬೆರಕೆಯಾದದ್ದನ್ನು ಹಾಲುಬೆಂಡೆ ಎಂದು ಮಾರಿದರೆ ಆಗುವ ನಷ್ಟ ನಿಮ್ಮ ಬೇಸರಕ್ಕಿಂತ ದೊಡ್ಡದು. ನಿಮ್ಮ ಗಿಡಗಳನ್ನು ಬೇರೆ ಬೆಂಡೆಯಿಂದ ಆದಷ್ಟು ದೂರ ಇಡಿ. ನಡುವಿನ ಗಿಡಗಳಲ್ಲಿ ಬೇಗ ಬಂದ ಕೋಡುಗಳನ್ನೇ ಬೀಜಕ್ಕೆ ಒಣಗಲು ಬಿಡಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಹೊಸ ತೆನೆ ಹಂಚಿ ಊಟ ಮಾಡುವಾಗ ನೆಂಟರೆಲ್ಲ ಸೇರಿರುತ್ತಾರೆ. ಈ ಸಲ ಬಂದ ನೆಂಟರಲ್ಲಿ ಎರಡು ಮನೆಯವರನ್ನು ಆರಿಸಿ, ಯಾರು ಇಟ್ಟುಕೊಳ್ಳುತ್ತಾರೆ ಎಂದು ಆವತ್ತೇ ಮಾತು ಪಡೆಯಿರಿ. ಆಗ ನಿಮ್ಮ ಗಿಡದಲ್ಲಿ ಕೋಡು ಇನ್ನೂ ಒಣಗುತ್ತಿರುತ್ತದೆ. ಬೀಜ ಬಿಡಿಸಿದ ಮೇಲೆ ಕೊಟ್ಟು ಕಳುಹಿಸಿದರಾಯಿತು. ನನಗೂ ಒಂದು ಚಿಟಿಕೆ ಕೆಂಪು ಹರಿವೆ ಕಳುಹಿಸಿ. ವಾಪಸು ಕೊಡುವ ಮಾತು ನಾನೂ ಕೊಡುತ್ತೇನೆ.